ಗೇರ್ ಲಿವರ್ ಎರಡು ಇಂಚು ಮುಂದೆ ಬೇಕು, ಬಗ್ಗಿಸಿದವರು ಇದ್ದೀರಾ?

ಕೇಳಿದವರು: ನನ್ನದು 1972ರ ಎಂಜಿಬಿ, ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಹಳೆಯ ನಾಲ್ಕು ಗೇರಿನ ಬಾಕ್ಸ್ ತೆಗೆದು ಬೇರೆ ಕಾರಿನ ಐದು ಗೇರಿನದನ್ನು ಕೂರಿಸಿದ್ದೇನೆ. ಸ್ಪೀಡಿನಲ್ಲಿ ಇಂಜಿನ್ ಕಿರುಚುವುದು ನಿಂತಿದೆ. ಆದರೆ ಲಿವರ್ ಎರಡು ಇಂಚು ಹಿಂದಕ್ಕೆ ಬಂದಿದೆ. ಎರಡನೇ ಗೇರಿಗೆ ಎಳೆದಾಗಲೆಲ್ಲ ಮೊಣಕೈ ಸೀಟಿಗೆ ತಾಗುತ್ತದೆ. ಲಿವರನ್ನೇ ಮುಂದಕ್ಕೆ ಬಗ್ಗಿಸೋಣ ಅಂತಿದ್ದೇನೆ. ಮಾಡಿದವರು ಸ್ವಲ್ಪ ಹೇಳಿ.

ಒಬ್ಬರು: ನಾನು ಎರಡು ಸಲ ಬಗ್ಗಿಸಿದ್ದೇನೆ. ಮೊದಲನೆಯದು ದಂಡ. ನ್ಯೂಟ್ರಲ್‌ನಲ್ಲಿ ನಾಬ್ (ಲಿವರ್ ತುದಿಯ ಹಿಡಿ) ಎಲ್ಲಿರಬೇಕು ಅಂತ ಮಾತ್ರ ನೋಡಿದ್ದೆ, ಗೇರ್ ಹಾಕಿದಾಗ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಲೇ ಇಲ್ಲ. ಲಿವರ್ ಆಡುವುದು ಬುಡದ ಬಾಲ್ ಮೇಲೆ, ಅಲ್ವಾ? ನಾಬ್ ಅದರ ನೇರ ಮೇಲಿದ್ದರೆ ಹಿಂದೆ ಮುಂದೆ ಹೋದರೂ ಎತ್ತರ ಅಷ್ಟೇನೂ ಬದಲಾಗುವುದಿಲ್ಲ. ಮುಂದಕ್ಕೆ ಬಗ್ಗಿಸಿದ ಮೇಲೆ ಹಾಗಲ್ಲ. ಒಂದು, ಮೂರು, ಐದಕ್ಕೆ ತಳ್ಳಿದಾಗ ನಾಬ್ ಕೆಳಗೂ ಇಳಿಯುತ್ತದೆ. ಬಾಲ್‌ನಿಂದ 8 ಇಂಚು ಮೇಲೆ, 2 ಇಂಚು ಮುಂದೆ ಇರುವ ನಾಬನ್ನು ಇನ್ನೆರಡು ಇಂಚು ತಳ್ಳಿ ನೋಡಿ, ಸುಮಾರು ಮುಕ್ಕಾಲು ಇಂಚು ಇಳಿಯುತ್ತದೆ. ನನ್ನ ಬೆರಳ ಗೆಣ್ಣುಗಳು ಹೋಗಿ ರೇಡಿಯೋ ಕನ್ಸೋಲ್‌ಗೆ ಬಡಿಯುತ್ತಿದ್ದವು. ಒಂದು ವಾರ ಪ್ಲಾಸ್ಟರ್ ಸುತ್ತಿಕೊಂಡೇ ಓಡಿಸಿದೆ.

ಎರಡನೇ ಸಲ ಬುದ್ಧಿ ಬಂತು. ದಪ್ಪ ತಂತಿಯನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಲಿವರ್‌ಗೆ ಟೇಪ್ ಸುತ್ತಿ ಕಟ್ಟಿದೆ. ತುದಿಗೆ ನಾಬ್‌ನಷ್ಟೇ ದಪ್ಪದ ಬಟ್ಟೆ ಉಂಡೆ. ಇಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ, ರಿವರ್ಸ್ ಸೇರಿ ಎಲ್ಲ ಗೇರನ್ನೂ ಹಾಕಿ ನೋಡಿದೆ. ತಂತಿ ಗೇರ್ ಬದಲಿಸುವಷ್ಟು ಗಟ್ಟಿ ಇರುವುದಿಲ್ಲ, ಲಿವರನ್ನೇ ಹಿಡಿದು ತಳ್ಳಿ.

ಇನ್ನೊಬ್ಬರು: ಕಾಯಿಸುವ ಮುಂಚೆ ಲಿವರನ್ನು ಪೂರ್ತಿ ಬಿಚ್ಚಿ. ಬುಡದಲ್ಲಿ ನೈಲಾನ್ ಬುಶ್ (ಬಳೆಯಂಥ ತುಂಡು) ಇದ್ದರೆ ಅದನ್ನೂ ತೆಗೆಯಿರಿ, ಬಿಸಿಗೆ ನಿಲ್ಲುವುದಿಲ್ಲ. ಕೆಂಪಗೆ ಕಾಯಿಸಿ, ಬಗ್ಗಿಸಿ, ಹಾಗೇ ಆರಲು ಬಿಡಿ. ನೀರಿಗೆ ಅದ್ದಬೇಡಿ, ಉಕ್ಕು ಗಡುಸಾಗಿ ಮುರಿಯಬಹುದು. ಕ್ರೋಮ್ ಇದ್ದರೆ ಅದರ ಆಸೆ ಬಿಡಿ.

ಯಾರೂ ಹೇಳದ ಒಂದು ವಿಷಯ ಇದೆ. ಲಿವರ್ ಗಿರಗಿರ ತಿರುಗದಂತೆ ಬಾಲ್‌ಗೆ ಪಿನ್ ಇದೆಯಾ ನೋಡಿ. ನೇರ ಲಿವರ್ ತಿರುಗಿದರೂ ಗೊತ್ತಾಗುವುದಿಲ್ಲ. ಬಗ್ಗಿದ್ದು ತಿರುಗಿದರೆ ನಾಬ್ ಪಕ್ಕದವರ ತೊಡೆಯ ಕಡೆಗೆ ಹೋಗಿ ಕೂತಿರುತ್ತದೆ.

ಮತ್ತೊಬ್ಬರು: ನಾನು ಬಗ್ಗಿಸಲಿಲ್ಲ, ಮೇಲಿಂದ ಒಂದು ಇಂಚು ಕತ್ತರಿಸಿ ಹೊಸದಾಗಿ ಥ್ರೆಡ್ ಹಾಕಿಸಿದೆ. 8 ಇಂಚು 7 ಆಯಿತು. ನಾಬ್ ಓಡಾಡುವ ದೂರ ಕಡಿಮೆಯಾಗಿ ಮೊಣಕೈ ತಾಗುವುದು ನಿಂತಿತು. ಆದರೆ ಗೇರ್ ಅಷ್ಟರಮಟ್ಟಿಗೆ ಬಿಗಿ ಆಯಿತು. ಬೆಳಿಗ್ಗೆ ಆಯಿಲ್ ತಣ್ಣಗಿರುವಾಗ ಎರಡನೇ ಗೇರಿಗೆ ಸ್ವಲ್ಪ ಗೋಗರೆಯಬೇಕು. ಎರಡು ಇಂಚೇ ಮುಂದೆ ಬೇಕು ಅನ್ನುವವರಿಗೆ ಇದು ಸಾಲದು.

ಕೇಳಿದವರು: ತಂತಿ ಕಟ್ಟಿ ನೋಡಿದೆ. ಎರಡು ಇಂಚಾದರೆ ಐದನೇ ಗೇರಿನಲ್ಲಿ ಕೈ ಕನ್ಸೋಲ್‌ಗೆ ಉಜ್ಜುತ್ತದೆ, ಒಂದೂವರೆ ಸಾಕು. ಈಗಿನ ಲಿವರ್ ಎತ್ತಿಟ್ಟು, ಗುಜರಿಯಲ್ಲಿ ಸಿಕ್ಕ ಇನ್ನೊಂದನ್ನು ಬಗ್ಗಿಸುತ್ತೇನೆ. ಪಿನ್ ಇದೆ, ಆದರೆ ಒಂದು ಕಡೆ ಸವೆದಿದೆ. ಮೊದಲು ಅದನ್ನು ಬದಲಾಯಿಸಬೇಕು.