ಸಹಾಯ ಬೇಕು: ಸಂಡೂರು ಕಣಿವೆಯಲ್ಲಿ ಸೈಕಲ್ ಮತ್ತು ಕಾಲ್ನಡಿಗೆ

ಗುಂಪಿನ ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಡಿಸೆಂಬರ್ ತಿಂಗಳಿನಲ್ಲಿ ನಾನು ಮತ್ತು ನನ್ನ ಅಕ್ಕ ಹೊಸಪೇಟೆಯಿಂದ ಸಂಡೂರಿಗೆ ಸೈಕಲ್‌ನಲ್ಲಿ ಹೋಗಿ, ಎರಡು ದಿನ ಅಲ್ಲಿಯೇ ಉಳಿದು ಸುತ್ತಲಿನ ಗುಡ್ಡಗಳಲ್ಲಿ ನಡೆಯಬೇಕೆಂದಿದ್ದೇವೆ. ಕೋಟೆಯ ಗೋಡೆಗಳಂತೆ ಎರಡು ಬದಿಯಲ್ಲಿ ಉದ್ದಕ್ಕೂ ಚಾಚಿರುವ ಬೆಟ್ಟಸಾಲುಗಳನ್ನು ನಾರಿಹಳ್ಳವು ಓಬಳಗಂಡಿ ಮತ್ತು ಭೀಮಗಂಡಿಗಳಲ್ಲಿ ಸೀಳಿಕೊಂಡು ಹರಿಯುವುದನ್ನು ಕಣ್ಣಾರೆ ನೋಡಬೇಕೆಂಬುದು ನಮ್ಮ ಬಹುದಿನಗಳ ಆಸೆ. ಕಬ್ಬಿಣದ ಅದಿರಿನಿಂದ ಕೆಂಪಾದ ಆ ಬಂಡೆಗಳ ನಡುವೆ ಗಾಡಿಯಲ್ಲಿ ಸರ್ರನೆ ಹಾದುಹೋಗುವುದಕ್ಕಿಂತ ನಿಧಾನವಾಗಿ ನಡೆಯುವುದೇ ಸರಿ ಎಂದು ನನಗನ್ನಿಸುತ್ತದೆ.

ನಮ್ಮ ದೊಡ್ಡ ಚಿಂತೆ ಅದಿರು ಲಾರಿಗಳದ್ದು. ಹಿಂದೊಮ್ಮೆ ಬೇರೊಂದು ಗಣಿ ರಸ್ತೆಯಲ್ಲಿ, ಎದುರಿನಿಂದ ಬಂದ ಲಾರಿಯ ಧೂಳಿನಲ್ಲಿ ದಾರಿ ಕಾಣದೆ ಅಕ್ಕ ಸೈಕಲ್ ಸಮೇತ ಚರಂಡಿಗೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಆದ್ದರಿಂದ ಲಾರಿಗಳ ಓಡಾಟ ಯಾವ ಹೊತ್ತಿನಲ್ಲಿ ಕಡಿಮೆ ಇರುತ್ತದೆ, ಏರು ತುಸು ಹೆಚ್ಚಿದ್ದರೂ ಸುರಕ್ಷಿತವಾದ ಹಳ್ಳಿದಾರಿ ಯಾವುದು ಎಂಬುದನ್ನು ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಸಂಡೂರಿನಲ್ಲಿ ಸೈಕಲ್ ಬಿಟ್ಟು ಕುಮಾರಸ್ವಾಮಿ ಬೆಟ್ಟದ ದೇವಸ್ಥಾನಗಳಿಗೆ ನಡೆದೇ ಹೋಗಬೇಕೆಂದಿದ್ದೇವೆ. ಡಾಂಬರು ರಸ್ತೆ ಬಿಟ್ಟು ಹಳೆಯ ಕಾಲುದಾರಿ ಇನ್ನೂ ಬಳಕೆಯಲ್ಲಿದೆಯೇ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ, ನಡುವೆ ಕುಡಿಯುವ ನೀರು ಸಿಗುವುದೇ? ಜೊತೆಗೆ ಬರಬಲ್ಲ ಸ್ಥಳೀಯರಿದ್ದರೆ ಅವರು ಹೇಳುವ ದಿನಗೂಲಿಯನ್ನು ಸಂತೋಷದಿಂದ ಕೊಡುತ್ತೇವೆ. ಪಂಕ್ಚರ್ ಸಾಮಾನು ನಮ್ಮಲ್ಲಿದೆ.