ಸಹಾಯ ಬೇಕು: 3ನೇ ಸಿಲಿಂಡರ್ ಮಾತ್ರ ಯಾಕೆ ಮೊದಲು ಪೀಕ್ ಆಗ್ತಿದೆ?

ಎಲ್ಲರಿಗೂ ನಮಸ್ಕಾರ. ಹೊಸೂರಲ್ಲಿರೋ ಸೆಸ್ನಾ 172ಪಿ ಸಣ್ಣ ವಿಮಾನ, ಲೈಕಮಿಂಗ್ ಓ-320, ಕಾರ್ಬುರೇಟರ್ ಎಂಜಿನ್. ನಾಲ್ಕೂ ಸಿಲಿಂಡರಿಗೆ ಇಜಿಟಿ (ಹೊರಬರೋ ಹೊಗೆಯ ತಾಪ), ಸಿಎಚ್‌ಟಿ (ಸಿಲಿಂಡರ್ ಹೆಡ್ ತಾಪ) ಅಳೆಯೋ ಪ್ರೋಬ್ ಇದೆ.

5,500 ಅಡಿಯಲ್ಲಿ, 2,300 ಆರ್‌ಪಿಎಂನಲ್ಲಿ ಮಿಕ್ಸ್ಚರ್ ಲೀನ್ ಮಾಡ್ತಾ (ಗಾಳಿಗೆ ಬೆರೆಯೋ ಇಂಧನ ಕಡಿಮೆ ಮಾಡ್ತಾ) ಬಂದ್ರೆ 3ನೇದರ ಇಜಿಟಿ ಎಲ್ಲಕ್ಕಿಂತ ಮೊದಲು ಪೀಕ್ (ಗರಿಷ್ಠ) ಮುಟ್ಟುತ್ತೆ. ಉಳಿದ ಮೂರು ಆಗಿನ್ನೂ ರಿಚ್ (ಇಂಧನ ಹೆಚ್ಚಿರೋ) ಕಡೆಗೇ ಇರ್ತವೆ, ಅಷ್ಟರಲ್ಲೇ ಎಂಜಿನ್ ನಡುಗೋಕೆ ಶುರು. 3ರ ಸಿಎಚ್‌ಟಿ 395 ಡಿಗ್ರಿ ಫ್ಯಾರನ್‌ಹೀಟ್, ಉಳಿದವು 360ರ ಆಸುಪಾಸು. ಫುಲ್ ಥ್ರಾಟಲ್ ಕೊಟ್ರೆ ಈ ವ್ಯತ್ಯಾಸ ಹೆಚ್ಚೂಕಮ್ಮಿ ಮಾಯ.

3 ಮತ್ತು 1ರ ಪ್ರೋಬ್ ಅದಲುಬದಲು ಮಾಡಿ ನೋಡಿದ್ದಾಯ್ತು, ತೊಂದರೆ ಸಿಲಿಂಡರ್ ಜೊತೆಗೇ ಉಳೀತು. ಪ್ಲಗ್ ತೊಳೆದು ಗ್ಯಾಪ್ ಸರಿಮಾಡಿದ್ದೂ ಆಯ್ತು. ಬಿಚ್ಚಿದಾಗ ಉಳಿದವುಗಳ ತುದಿ ಕಂದು, 3ರದ್ದು ಮಾತ್ರ ಬೂದಿ ಬಳಿದ ಹಾಗೆ ಬಿಳಿ. ಪ್ಲಗ್‌ಗೆ ಕಿಡಿ ಕೊಡೋ ಮ್ಯಾಗ್ನೆಟೊ ಎರಡೂ ಸರಿ. ಐಡಲಲ್ಲಿ ಮಿಕ್ಸ್ಚರ್ ಎಳೆದು ಇಂಧನ ಕಡಿದಾಗ ಆರ್‌ಪಿಎಂ ಮೊದಲು 40 ಏರ್ತಿತ್ತು, ಈಗ ಬರೀ 10.

ಇಷ್ಟು ನೋಡಿದ್ರೆ ಇನ್‌ಟೇಕ್‌ನಲ್ಲಿ (ಸಿಲಿಂಡರಿಗೆ ಮಿಶ್ರಣ ಒಯ್ಯೋ ದಾರಿ) ಹೊರಗಿನ ಗಾಳಿ ಸೋರಿ ಒಳಬರ್ತಿದೆ ಅನ್ನಬೇಕು. ಆದ್ರೆ ಬ್ಲೋವರಿಂದ ಗಾಳಿ ತುಂಬಿ ಫ್ಲ್ಯಾಂಜಿಗೂ ರಬ್ಬರ್ ಹೋಸಿಗೂ ಸೋಪ್ ನೀರು ಹಚ್ಚಿದ್ರೆ ಒಂದು ಗುಳ್ಳೆಯೂ ಏಳಲಿಲ್ಲ. ಮೇಲಾಗಿ ಕಾರ್ಬ್ ಹೀಟ್ (ಕಾರ್ಬುರೇಟರಿಗೆ ಬಿಸಿ ಗಾಳಿ ಬಿಡೋ ಹಿಡಿ) ಸ್ವಲ್ಪ ಎಳೆದ್ರೆ ವ್ಯತ್ಯಾಸ ಅರ್ಧಕ್ಕಿಳಿಯುತ್ತೆ, ಅದು ಇಂಧನ ಸಮವಾಗಿ ಹಂಚಿಕೆಯಾಗದ ಲಕ್ಷಣ. ಇಲ್ಲೇ ಗೊಂದಲ.

ಸಂಪ್‌ಗೆ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಸ್ವೇಜ್ ಮಾಡಿರೋ, ಅಂದ್ರೆ ಹಿಗ್ಗಿಸಿ ಬಿಗಿಮಾಡಿರೋ ಇನ್‌ಟೇಕ್ ಪೈಪ್ ತುದಿ ಬಿಸಿಯಾದಾಗ ಮಾತ್ರ ಸಡಿಲಾಗಿ ಸೋರಬಹುದಾ? ಪೈಪ್ ಬಿಚ್ಚೋ ಮೊದಲು ಅದನ್ನ ಖಚಿತ ಮಾಡಿಕೊಳ್ಳೋದು ಹೇಗೆ? ಈ ಎಂಜಿನ್ ಮೇಲೆ ಕೈಯಾಡಿಸಿದವರು ದಯವಿಟ್ಟು ಹೇಳಿ.