ಫೆಸ್‌ನ ಹಳೇ ಊರಿನಲ್ಲಿ ಅಮ್ಮನ ಜೊತೆ ಮೂರು ದಿನ, ಏನೇನು ಗೊತ್ತಿರಬೇಕು?

ದಾರಿತಪ್ಪಿದವಳು:
ಮುಂದಿನ ತಿಂಗಳು ನಾನು, ಅಮ್ಮ ಮೊರಾಕ್ಕೊದ ಫೆಸ್‌ಗೆ ಹೋಗುತ್ತಿದ್ದೇವೆ. ಕಾಸಾಬ್ಲಾಂಕಾದಿಂದ ರೈಲು. ರೂಮು ಮೆದೀನಾ ಒಳಗೇ ಇದೆ, ಅಂದರೆ ಗೋಡೆಯೊಳಗಿನ ಹಳೇ ಊರಿನಲ್ಲಿ. ಅಮ್ಮನಿಗೆ ಮಂಡಿನೋವು, ಏರು ಹತ್ತುವುದು ಕಷ್ಟ. ಮಾಂಸ ಮುಟ್ಟುವುದಿಲ್ಲ. ಅಲ್ಲಿ ಕಾರು ಬರುವುದಿಲ್ಲವಂತೆ, ಫೋನಿನ ಮ್ಯಾಪೂ ಕೈಕೊಡುತ್ತದಂತೆ. ಗೈಡ್ ಬೇಕೇ ಬೇಕಾ? ಹೋಗಿ ಬಂದವರು ಹೇಳಿ.

ಕತ್ತೆಗೆ ದಾರಿ ಬಿಟ್ಟವನು:
ಕಾರು ಬರುವುದಿಲ್ಲ ಅನ್ನುವುದು ನಿಜ. ಸಾಮಾನೆಲ್ಲ ಕತ್ತೆ, ಹೇಸರಗತ್ತೆ, ತಳ್ಳುಗಾಡಿ ಮೇಲೇ ಹೋಗುವುದು. ಹಿಂದಿನಿಂದ "ಬಾಲಾಕ್!" ಅಂತ ಕೂಗಿದರೆ (ಬಾಲಕನಿಗೂ ಇದಕ್ಕೂ ಸಂಬಂಧವಿಲ್ಲ, ದಾರಿ ಬಿಡಿ ಅಂತ) ತಿರುಗಿ ನೋಡುತ್ತಾ ನಿಲ್ಲಬೇಡಿ, ಮೊದಲು ಗೋಡೆಗೆ ಒರಗಿ. ನಾನು ನೋಡುತ್ತಾ ನಿಂತಿದ್ದೆ, ಹಸಿ ಚರ್ಮದ ಮೂಟೆ ಹೊತ್ತ ಕತ್ತೆ ಶರ್ಟಿಗೆ ಉಜ್ಜಿಕೊಂಡು ಹೋಯಿತು, ಆ ಶರ್ಟು ಅಲ್ಲೇ ಬಿಟ್ಟು ಬಂದೆ.

ಅಮ್ಮನ ಮಂಡಿಗೆ ಒಂದೇ ಉಪಾಯ: ಇಳಿಯುತ್ತಾ ನೋಡಿ, ಟ್ಯಾಕ್ಸಿಯಲ್ಲಿ ವಾಪಸ್ ಬನ್ನಿ. ಊರು ಬಟ್ಟಲಿನ ಹಾಗೆ ಇದೆ. ಮೇಲೆ ಬಾಬ್ ಬೂಜ್ಲೂದ್ ಬಾಗಿಲು, ಹೊರಗಿನಿಂದ ನೀಲಿ, ಒಳಗಿನಿಂದ ಹಸಿರು. ಅಲ್ಲಿಂದ ತಲಾ ಕಬೀರಾ ಬೀದಿ ಹಿಡಿದರೆ ಕರವೀಯಿನ್ ಮಸೀದಿ ಕಡೆಗೆ ಇಳಿಯುತ್ತಾ ಹೋಗುತ್ತೀರಿ. ಅದೇ ದಾರಿಯಲ್ಲಿ ವಾಪಸ್ ಹತ್ತಬೇಡಿ. ತಗ್ಗಿನಲ್ಲಿ ರ್ಸೀಫ್ ಅಂತ ಚೌಕ ಇದೆ, ಅಲ್ಲಿಯವರೆಗೆ ಟ್ಯಾಕ್ಸಿ ಬರುತ್ತದೆ. ಅಲ್ಲಿಂದ ಕೆಂಪು ಪೆಟಿ ಟ್ಯಾಕ್ಸಿ (ಊರೊಳಗೆ ಓಡುವ ಚಿಕ್ಕ ಟ್ಯಾಕ್ಸಿ) ಹತ್ತಿ ಮೇಲಿನ ಬಾಗಿಲಿಗೆ ಬನ್ನಿ. ಮೀಟರ್ ಹಾಕಿಸಿ. ಮೂರೇ ಜನಕ್ಕೆ ಜಾಗ, ನೀವಿಬ್ಬರೇ ಇದ್ದರೆ ದಾರಿಯಲ್ಲಿ ಇನ್ನೊಬ್ಬರನ್ನು ಹತ್ತಿಸಿಕೊಂಡಾರು, ಅದು ಅಲ್ಲಿ ಮಾಮೂಲು. ರಾತ್ರಿ ಮೀಟರ್ ಮೇಲೆ ಅರ್ಧ ಜಾಸ್ತಿ, ಅದು ಮೋಸ ಅಲ್ಲ.

ಬಂದ ದಿನ ಮಾತ್ರ ನಿಮ್ಮ ರೂಮಿರುವ, ಹಳೇ ಮನೆಯಲ್ಲಿ ನಡೆಸುವ ಹೋಟೆಲ್ ಅಂದರೆ ರಿಯಾದ್‌ನವರಿಗೆ ಮೊದಲೇ ಮೆಸೇಜ್ ಮಾಡಿ, ಟ್ಯಾಕ್ಸಿ ನಿಲ್ಲುವ ಜಾಗಕ್ಕೆ ಯಾರನ್ನಾದರೂ ಕಳಿಸುತ್ತಾರೆ.

ಚಿಲ್ಲರೆ ಜೇಬು:
ಗೈಡ್ ಮೊದಲ ದಿನ ಅರ್ಧ ದಿನಕ್ಕೆ ಸಾಕು, ಕೊರಳಲ್ಲಿ ಸರ್ಕಾರಿ ಬ್ಯಾಡ್ಜ್ ಇರುವವರನ್ನೇ ರಿಯಾದ್ ಮೂಲಕ ಕರೆಸಿಕೊಳ್ಳಿ. ಬೀದಿಯಲ್ಲಿ ತಾವಾಗಿ ಬರುವವರು ಬೇಡ. "ಈ ದಾರಿ ಮುಚ್ಚಿದೆ" ಅಂತ ಹುಡುಗರು ಹೇಳಿದರೆ ನೂರಕ್ಕೆ ತೊಂಬತ್ತು ಸಲ ಮುಚ್ಚಿರುವುದಿಲ್ಲ. "ಲಾ, ಶುಕ್ರನ್" (ಬೇಡ, ಥ್ಯಾಂಕ್ಸ್) ಅಂದು ನಡೆಯುತ್ತಿರಿ, ಕೋಪ ಬೇಡ. ನಿಜವಾಗಲೂ ದಾರಿ ತಪ್ಪಿದರೆ ಅಂಗಡಿಯಲ್ಲಿ ಕೂತಿರುವವರನ್ನು ಕೇಳಿ, ಅವರು ಅಂಗಡಿ ಬಿಟ್ಟು ನಿಮ್ಮ ಹಿಂದೆ ಬರುವುದಿಲ್ಲ.

ಶುವಾರಾ ಅನ್ನುವ ಕಡೆ ಚರ್ಮ ಹದ ಮಾಡುವ ತೊಟ್ಟಿಗಳನ್ನು ನೋಡಲು ಅಂಗಡಿಗಳ ಮಾಳಿಗೆಗೇ ಹತ್ತಬೇಕು. ಮೆಟ್ಟಿಲಿದೆ, ಅಮ್ಮನನ್ನು ಕೇಳಿಕೊಳ್ಳಿ. ಮೂಗಿಗೆ ಹಿಡಿಯಲು ಪುದೀನ ಕೊಡುತ್ತಾರೆ, ಚರ್ಮ ಮೆತ್ತಗಾಗಲು ಹಾಕುವ ಪಾರಿವಾಳದ ಹಿಕ್ಕೆಯ ನಾತಕ್ಕೆ ಅದೇನೂ ಸಾಲದು ಬಿಡಿ. ಬ್ಯಾಗ್ ಕೊಳ್ಳಲೇಬೇಕು ಅನ್ನುವ ಮುಜುಗರ ಬೇಡ, ಇಪ್ಪತ್ತು ದಿರ್ಹಮ್ ಕೊಟ್ಟು ಇಳಿದರೆ ಆಯಿತು. ಆದರೆ ಆ ಇಪ್ಪತ್ತು ನಿಮ್ಮ ಹತ್ತಿರ ಇರಬೇಕಲ್ವಾ? ಎಟಿಎಂ ಕೊಡುವುದು ನೂರು, ಇನ್ನೂರರ ನೋಟು. ಅದನ್ನು ರೈಲ್ವೆ ಸ್ಟೇಷನ್ನಲ್ಲೇ ಕಾಫಿ ಕುಡಿದು ಮುರಿಸಿಕೊಳ್ಳಿ.

ಬಿಸಾರಾ ಭಕ್ತೆ:
ಊಟದ್ದು ನಾನು ಹೇಳುತ್ತೇನೆ. "ತರಕಾರಿ ತಜೀನ್" (ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಿಸುವ ಅಡುಗೆ) ಅಂದರೆ ಮೇಲೆ ತರಕಾರಿ, ಎಷ್ಟೋ ಕಡೆ ಕೆಳಗೆ ಮಾಂಸದ ರಸ. ಹರೀರಾ ಸೂಪೂ ಹಾಗೇ. ಕೇಳಿಯೇ ತಿನ್ನಿ. ಬೆಳಗ್ಗೆ ಬಿಸಾರಾ ಹುಡುಕಿ, ಒಣ ಬಾಕಲಾ (ಫಾವಾ ಬೀನ್ಸ್) ಕಾಳಿನ ಗಟ್ಟಿ ಸೂಪು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ, ಜೊತೆಗೆ ಬಿಸಿ ರೊಟ್ಟಿ. ಬದನೆಕಾಯಿಯ ಝಾಲೂಕ್ ಕೂಡ ಅಮ್ಮನಿಗೆ ಹಿಡಿಸುತ್ತದೆ, ಸುಮ್ನೆ ನಮ್ಮ ಎಣ್ಣೆಗಾಯಿ ಜೊತೆ ಹೋಲಿಸಬೇಡಿ ಅಷ್ಟೇ.

ದಾರಿತಪ್ಪಿದವಳು:
ತುಂಬಾ ಥ್ಯಾಂಕ್ಸ್. ರ್ಸೀಫ್ ವಿಷಯ ಯಾರೂ ಹೇಳಿರಲಿಲ್ಲ. ನಮ್ಮ ಎರಡನೇ ದಿನ ಶುಕ್ರವಾರ ಬರುತ್ತದೆ, ತೊಂದರೆಯಾ?

ಚಿಲ್ಲರೆ ಜೇಬು:
ಮಧ್ಯಾಹ್ನ ನಮಾಜಿಗೆ ಅಂಗಡಿ ಮುಚ್ಚಿದರೆ ಬಹಳಷ್ಟು ಮತ್ತೆ ತೆಗೆಯುವುದಿಲ್ಲ. ಖರೀದಿ ಗುರುವಾರವೇ ಮುಗಿಸಿ. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಅನ್ನುವ ಹೆಂಗಸು ಕಟ್ಟಿಸಿದ್ದು ಅಂತ ಹೇಳುವ ಕರವೀಯಿನ್‌ಗೆ ಮುಸ್ಲಿಮರಲ್ಲದವರು ಯಾವ ದಿನವೂ ಒಳಗೆ ಹೋಗುವ ಹಾಗಿಲ್ಲ, ಬಾಗಿಲಿನಿಂದ ಅಂಗಳ ಕಾಣುತ್ತದೆ ಅಷ್ಟೇ. ಬೂ ಇನಾನಿಯಾ ಮದರಸಾ ಒಳಗೆ ಬಿಡುತ್ತಾರೆ, ನೀಲಿ ಬಾಗಿಲಿಗೆ ಹತ್ತಿರ, ಜಾಸ್ತಿ ನಡಿಗೆ ಇಲ್ಲ.

ಕತ್ತೆಗೆ ದಾರಿ ಬಿಟ್ಟವನು:
ನನಗೆ ಶುಕ್ರವಾರವೇ ಇಷ್ಟವಾಗಿದ್ದು. ಬೀದಿ ಖಾಲಿ, ಕತ್ತೆಯೂ ಕಡಿಮೆ. ಅಮ್ಮ ನಿಧಾನಕ್ಕೆ ನಡೆಯಬಹುದು.